ಹಲಸಿನ ಕೊಂಬೆಯ ಫೋನು

ಮಳಗಿ ಹತ್ತಿರದ ಸಿದ್ದಿ ಕೇರಿಯ ಕ್ರಿಸ್ತಿನಾಳ ಫೋನು ಮನೆಯೊಳಗೆ ಇರುತ್ತಿರಲಿಲ್ಲ. ಒಳಗೆ ಸಿಗ್ನಲ್ ಸಿಗದು. ಅಂಗಳದ ಹಲಸಿನ ಕೊಂಬೆಗೆ ಪ್ಲಾಸ್ಟಿಕ್ ಚೀಲದಲ್ಲಿ ಅದನ್ನು ತೂಗುಹಾಕಿ ಕೆಳಗೆ ಕೂತು ಅಕ್ಕಿ ಆರಿಸುತ್ತಿದ್ದಳು. ಫೋನು ಮಾಡುವವನು ಒಬ್ಬನೇ, ತಮ್ಮ ಪೆದ್ರು. ಅವ್ವ ಸತ್ತ ಮೇಲೆ ಅವಳೇ ಸಾಕಿದವನು, ಅವಳೊಡನೆ ಜಗಳವಾಡಿ ಹೋಗಿ ಗೋವಾ ಕಡೆ ಮೀನಿನ ದೋಣಿ ಹತ್ತಿದ್ದ. ಓದು ಬಾರದು, ಸ್ವಂತ ಫೋನಿಲ್ಲ. ಅಕ್ಕನ ನಂಬರ್ ಮಾತ್ರ ಬಾಯಿಪಾಠ. ಹೋದ ಕ್ರಿಸ್‌ಮಸ್ಸಿಗೆ ಯಾರದೋ ಫೋನಿನಿಂದ, "ಸಿಟ್ಟು ಹೋತಕ್ಕಾ. ಮಳಿಗಾಲಕ್ಕ ದೋಣಿ ನಿಂತ ಕೂಡ್ಲೆ ಊರಿಗೆ ಬರ್ತೇನಿ. ಹೊರಡೂಮುಂದ ಫೋನ್ ಮಾಡ್ತೇನಿ" ಎಂದಿದ್ದ.

ಸಿಮ್ ಕೊಡುವಾಗ ಮುಂಡಗೋಡಿನ ಅಂಗಡಿಯವನು ಜೀವಮಾನವಿಡೀ ಇನ್‌ಕಮಿಂಗ್ ಫ್ರೀ ಎಂದಿದ್ದ. ಆಮೇಲೆ ದಿಲ್ಲಿಯಿಂದ ಒಂದರ ಹಿಂದೊಂದು ನಿಯಮ ಬಂತು. ಫೋಟೊ ಮತ್ತೆ ಕೊಡಿ ಎಂದರು, ಕೊಟ್ಟಳು. ಆಧಾರ್‌ಗೆ ಹೆಬ್ಬೆರಳು ಒತ್ತಿ ಎಂದರು; ಕೂಲಿಯಲ್ಲಿ ಸವೆದ ಬೆರಳನ್ನು ಯಂತ್ರ ಒಪ್ಪದೆ ಮೂರು ಸಲ ಅಲೆದಳು. ಅದು ಕಡ್ಡಾಯವಲ್ಲ ಎಂದು ಆಮೇಲೆ ಕೋರ್ಟು ಹೇಳಿತು. ಕೊನೆಗೆ ಜೀವಮಾನದ ಮಾತೂ ಬಿದ್ದುಹೋಯಿತು: ರಿಚಾರ್ಜ್ ಕಾಣದೆ ತಿಂಗಳುಗಟ್ಟಲೆ ಬಿದ್ದ ನಂಬರು ಬೇರೆಯವರ ಪಾಲು. ನಿಯಮ ಬರೆದ ಮಹಾಶಯರ ಕಣ್ಣಿಗೆ ಇಂಥವಳೊಬ್ಬಳು ಬಿದ್ದಿರಲಿಕ್ಕಿಲ್ಲ. ಎಚ್ಚರಿಕೆಯ ಮೆಸೇಜು ಅವಳಿಗೆ ಇಂಗ್ಲಿಷಿನಲ್ಲಿ ಬಂದಿತ್ತು.

ಶಿವರಾತ್ರಿ ಹೊತ್ತಿಗೆ ಸಿಗ್ನಲ್ ಗೆರೆಗಳು ಮಾಯವಾದವು. ಟವರಿನ ದೋಷವೆಂದುಕೊಂಡು ಅವಳು ಚೀಲವನ್ನು ಇನ್ನೂ ಮೇಲಿನ ಕೊಂಬೆಗೆ ಕಟ್ಟಿಸಿದಳು. ಮಳೆಗಾಲ ಪೂರ್ತಿ ಕಾದಳು. ಪೆದ್ರು ಬರಲಿಲ್ಲ.

ಭತ್ತದ ಕೊಯ್ಲಿನ ದಿನಗಳಲ್ಲಿ ಪಕ್ಕದ ಮನೆಯ ಶಬನಮ್ ತನ್ನ ಫೋನಿನಿಂದ ಕ್ರಿಸ್ತಿನಾಳ ನಂಬರಿಗೆ ಫೋನ್ ಹಚ್ಚಿ ನೋಡಿದಳು. ಮರದ ಮೇಲಿನ ಫೋನು ಸುಮ್ಮನಿತ್ತು. ಆ ಕಡೆಯಿಂದ ಯಾರೋ ಹೆಂಗಸು "ಹಲೋ" ಎಂದಳು. ಕ್ರಿಸ್ತಿನಾ ಫೋನು ಕಸಿದುಕೊಂಡಳು.

"ಇದು ನನ್ನ ನಂಬರ್ ರೀ. ನನ್ನ ತಮ್ಮ ಪೆದ್ರು ಫೋನ್ ಮಾಡಿದ್ನೇನ್ರಿ?"

"ಮಾಡಿದ್ದ ರೀ, ಮಳಿಗಾಲದಾಗ. ಅಕ್ಕನ್ನ ಕರೀರಿ ಅಂತ ದಿನಾ ಗಂಟುಬಿದ್ದಿದ್ದ. ರಾಂಗ್ ನಂಬರ್ ಅಂದ್ರ ಕೇಳಲಿಲ್ಲ." ಆ ಹೆಂಗಸು ತಡವರಿಸಿದಳು. "ನಂಗೂ ಸಾಕಾಗಿ, ನಿಮ್ಮಕ್ಕ ತೀರಿಕೊಂಡಾಳ, ಇನ್ನ ಮಾಡಬ್ಯಾಡ ಅಂದುಬಿಟ್ಟೆ. ತಪ್ಪಾತ್ರಿ."

"ಅಂವ ಏನಂದ?"

"ಎಲ್ಲಿ ಮಣ್ಣು ಮಾಡಿದ್ರಿ ಅಂತ ಕೇಳಿದ. ನಾ ಫೋನ್ ಇಟ್ಟೆ."