ಸುಮ್ಮನಾದ ಗಂಟೆ

ನಮ್ಮಕ್ಕ ಯಾವುದನ್ನೂ ಅರ್ಧಂಬರ್ಧ ತಿಳಿದು ಬಿಡುವವಳಲ್ಲ. ಇಂಥವಳ ತಲೆ ಕೆಡಿಸಿದ್ದು ಕಾಗದದ ಕಾರ್ಖಾನೆಯ ಒಂದು ದೊಡ್ಡ ಉರುಳೆ. ಅದರ ಪಕ್ಕದಲ್ಲೇ ದಿನವಿಡೀ ನಿಂತು ದುಡಿಯುವವರು ಭಾವ. ಅದು ಸಿಡಿದರೆ ಮೊದಲ ಪೆಟ್ಟು ಅವರಿಗೇ.

ಉರುಳೆ ಕೆಡುವ ಮುನ್ನ ಎಚ್ಚರಿಸುವ ಪ್ರೋಗ್ರಾಂ ಬರೆದವಳು ಅಕ್ಕ. ನಮ್ಮ ಮೈ ತನ್ನದನ್ನು ಬಿಟ್ಟು ಹೊರಗಿನ ರೋಗಾಣುವನ್ನು ಹಿಡಿಯುತ್ತದಲ್ಲ, ಅದೇ ಉಪಾಯ. ಬಿಸಿ ಒಂದು ಅಳತೆ, ನಡುಕ ಇನ್ನೊಂದು. ಎರಡನ್ನೂ ಸೇರಿಸಿ ಹಾಳೆಯ ಮೇಲೆ ಚುಕ್ಕೆಯಿಟ್ಟು, ಉರುಳೆ ಸರಿಯಿದ್ದಾಗಿನ ಜಾಗ ಬಿಟ್ಟು, ಉಳಿದ ಕಡೆಯೆಲ್ಲ ಕಾವಲಿಗೆ ವೃತ್ತಗಳನ್ನು ಕೂರಿಸಿದಳು. ಹೊಸ ಚುಕ್ಕೆ ವೃತ್ತದೊಳಗೆ ಬಿದ್ದರೆ ಗಂಟೆ. ಎಷ್ಟೋ ಸಲ ಸರಿಯಾಗಿಯೇ ಹೊಡೆಯಿತು. ಭಾವ ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ಬಂದರು.

ಆಮೇಲೆ ಮ್ಯಾನೇಜರ್ ನಲವತ್ತು ಸೆನ್ಸರ್ ತರಿಸಿದರು. ಅಳತೆ ಹೆಚ್ಚಿದಷ್ಟೂ ಒಳ್ಳೆಯದೆಂದು ಅಕ್ಕ ಎಲ್ಲವನ್ನೂ ಸೇರಿಸಿದಳು. ಗಂಟೆ ನಿಂತೇಹೋಯಿತು. ಉರುಳೆ ಗಟ್ಟಿಮುಟ್ಟಾಗಿದೆ ಎಂದು ಎಲ್ಲರೂ ಹಿಗ್ಗಿದರು. ನಾನೂ ಹಿಗ್ಗಿದೆ, ದಡ್ಡ. ಅಕ್ಕನಿಗೆ ಮಾತ್ರ ಅನುಮಾನ ಬಂದು, ಕೆಟ್ಟ ಉರುಳೆಯ ಅಳತೆಗಳನ್ನು ಬೇಕೆಂದೇ ಕೊಟ್ಟು ನೋಡಿದಳು. ಪ್ರೋಗ್ರಾಂ ತುಟಿಪಿಟಕ್ಕೆನ್ನಲಿಲ್ಲ. ಕಾವಲನ್ನು ಹತ್ತುಪಟ್ಟು ಮಾಡಿದಳು, ಸಾವಿರಪಟ್ಟು ಮಾಡಿದಳು. ಜಪ್ಪಯ್ಯ ಅಂದರೂ ಗಂಟೆಯಿಲ್ಲ.

ಅಂದು ಊಟಕ್ಕೆ ಕೂತಾಗ ನನಗೆ ವಿವರಿಸಿದಳು. ಚೌಕದೊಳಗೆ ವೃತ್ತ ಬರೆದರೆ ಮೂಲೆಗಳಷ್ಟೇ ಖಾಲಿ. ಅಳತೆ ಮೂರಾದರೆ ಚೌಕ ಪೆಟ್ಟಿಗೆಯಾಗುತ್ತದೆ, ಕಾವಲಿನ ವೃತ್ತ ಚೆಂಡಾಗುತ್ತದೆ; ಪೆಟ್ಟಿಗೆಯೊಳಗೆ ಚೆಂಡಿಟ್ಟರೆ ಹೆಚ್ಚುಕಡಿಮೆ ಅರ್ಧ ಖಾಲಿ. ಹೀಗೆ ಅಳತೆಗೊಂದು ದಿಕ್ಕು ಸೇರುತ್ತ ಹೋದರೆ ಪೆಟ್ಟಿಗೆಯೆಲ್ಲ ಮೂಲೆಯೇ, ಚೆಂಡು ಇದ್ದೂ ಇಲ್ಲದಂತೆ. ಎಷ್ಟು ಚೆಂಡು ತುಂಬಿದರೂ ಅಷ್ಟೇ, ಕೆಟ್ಟ ಚುಕ್ಕೆ ಖಾಲಿ ಜಾಗದಲ್ಲೇ ಬಿದ್ದು ತಪ್ಪಿಸಿಕೊಳ್ಳುತ್ತದೆ. ಲೆಕ್ಕ ಸರಿ ಬರುತ್ತಿದೆ, ಮನಸ್ಸು ಒಪ್ಪುತ್ತಿಲ್ಲ ಎಂದಳು. ನನಗಂತೂ ತಲೆಬುಡ ತಿಳಿಯಲಿಲ್ಲ. ನಲವತ್ತು ದಿಕ್ಕೆಂದರೆ ಎತ್ತ ನೋಡುವುದು? ಹಳೆಯ ಎರಡು ಅಳತೆಯೇ ಸಾಕಲ್ಲ ಎಂದೆ. ಆ ಎರಡಕ್ಕೆ ಕಾಣದ ದೋಷಗಳೂ ಇದ್ದವಂತೆ. ಅಕ್ಕನ ತಟ್ಟೆಯಲ್ಲಿ ಅನ್ನ ಹಾಗೇ ಉಳಿಯಿತು.

ಬೆಳಿಗ್ಗೆ ಹೋದವಳೇ ಉರುಳೆಯ ಸ್ವಿಚ್ ಆರಿಸಿದಳು. ಮ್ಯಾನೇಜರ್ ಓಡಿಬಂದರು.

"ಏನಾಗಿದೆ ಮೇಡಂ ಇದಕ್ಕೆ?"

"ಗೊತ್ತಿಲ್ಲ ಸಾರ್."

"ಗೊತ್ತಿಲ್ದೆ ಯಾಕೆ ನಿಲ್ಲಿಸಿದ್ರಿ?"

ಅಕ್ಕ ಭಾವನ ತೋಳು ಹಿಡಿದು ಉರುಳೆಯಿಂದ ಈಚೆಗೆ ಎಳೆದುಕೊಂಡಳು.

"ಗಂಟೆ ಹೊಡೀಲಿಲ್ಲ ಅಂದ್ರೆ ಎಲ್ಲ ಸರಿಯಿದೆ ಅಂತ ಹೇಳಿದ್ದು ನಾನೇ. ಅದನ್ನ ನಂಬ್ಕೊಂಡು ಇವ್ರು ಇಲ್ಲಿ ನಿಂತಿದಾರೆ."