ಮಾರುದ್ದ ಹೊತ್ತು

ಸಜ್ಜೆ ರೊಟ್ಟಿಗೆ ಹಚ್ಚಿದ ಎಳ್ಳು ಹಂಚಿನ ಮೇಲೆ ಚಟಪಟನೆ ಸಿಡಿದು, ಅಂಚು ಸ್ವಲ್ಪ ಸೀದು, ಒಂದು ವಾಸನೆ ಏಳುತ್ತದಲ್ಲ, ಅದು ಮೂಗಿಗೆ ಬಡಿದರೆ ಸಾಕು, ನನಗೆ ಮತ್ತೆ ಹನ್ನೊಂದು ವರ್ಷ. ಸಾಂಗ್ಲಿಯ ಮೂರನೇ ಮಹಡಿಯಲ್ಲಿ ಗ್ಯಾಸಿನ ಮುಂದೆ ನಿಂತು, ಮೊಣಕಾಲು ನೋವಿಗೆ ಬೈಯುತ್ತ ರೊಟ್ಟಿ ಬಡಿಯುವ ಈ ಹೆಂಗಸು ಬೇರೆ ಯಾರೋ ಅನ್ನಿಸುತ್ತದೆ. ಚಳಿಗಾಲದಲ್ಲಿ ಸಂಜೆ ಐದೂವರೆ ಆಯಿತೆಂದರೆ ನನ್ನ ಕೈಗಳು ತಾವಾಗಿಯೇ ಅವಸರ ಮಾಡುತ್ತವೆ. ಯಾರಿಗಾಗಿ ಅವಸರ? ಮನೆಯಲ್ಲಿ ಯಾರೂ ಊಟಕ್ಕೆ ಕಾಯುತ್ತಿರುವುದಿಲ್ಲ. "ಯಾರ ಬೆನ್ನ ಹತ್ಯಾರವ್ವಾ ನಿನಗ?" ಎಂದು ಮಗಳು ನಗುತ್ತಾಳೆ. ನಾನು ಸಿಡುಕುತ್ತೇನೆ. ಸಿಡುಕುವುದು ನನ್ನ ಹುಟ್ಟುಗುಣ, ಮನೆಯವರು ಅದನ್ನು ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ. ಆದರೆ ಆ ಸಿಡುಕಿನ ಹಿಂದೆ ಏನಿದೆ ಎಂಬುದನ್ನು ಇದುವರೆಗೆ ಯಾರಿಗೂ ನೆಟ್ಟಗೆ ಹೇಳಿಲ್ಲ. ನಿಮಗೆ ಹೇಳುತ್ತೇನೆ. ನಿಮ್ಮ ಮನೆಯಲ್ಲೂ ಒಬ್ಬ ಮುದುಕಿ ಇದ್ದಿರಬಹುದು, ನೀವೂ ಸಣ್ಣವರಿದ್ದಾಗ ಏನೋ ಒಂದು ಮಾಡಿರಬಹುದು.

ನಿಪ್ಪಾಣಿ ಕಡೆಯ ಭೋಜ ಊರಿನಿಂದ ಎರಡು ಮೈಲಿ ಆಚೆ ನಮ್ಮ ತೋಟದ ಮನೆ. ಎಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಒಂದು ಮಗ್ಗುಲಿಗೆ ಕಬ್ಬು, ಇನ್ನೊಂದು ಮಗ್ಗುಲಿಗೆ ತಂಬಾಕು, ನಡುವೆ ಮಣ್ಣಿನ ಗೋಡೆಯ, ಹೆಂಚಿನ ಮನೆ. ಚಳಿಗಾಲದ ಬೆಳಗು ಅಂದರೆ ನನಗೆ ಮೊದಲು ನೆನಪಾಗುವುದು ಹಿತ್ತಲಲ್ಲಿ ಸ್ನಾನದ ನೀರು ಕಾಯುತ್ತಿದ್ದ ತಾಮ್ರದ ಹಂಡೆ. ಅದರ ಕೆಳಗೆ ಅವ್ವ ರವದಿ, ಅಂದರೆ ಕಬ್ಬಿನ ಒಣಗಿದ ಗರಿ ತುರುಕುತ್ತಿದ್ದಳು. ಅದು ಭರ್ ಎಂದು ಉರಿದು, ನಾವು ಕೈ ಚಾಚುವಷ್ಟರಲ್ಲಿ ಬೂದಿಯಾಗುತ್ತಿತ್ತು. ನನಗೂ ತಮ್ಮ ಬಾಳ್ಯಾನಿಗೂ ಸೇರಿ ಒಂದೇ ಸ್ವೆಟರ್. ಶಾಲೆಗೆ ಹೋಗುವಾಗ ಅವನು, ಬರುವಾಗ ನಾನು ಎಂದು ಕರಾರು. ಅವನಿಗೆ ಏಳು ವರ್ಷ; ಕರಾರು ಅವನಿಗೆ ತಿಳಿಯುತ್ತಿರಲಿಲ್ಲ, ಅಳುವುದು ಮಾತ್ರ ತಿಳಿಯುತ್ತಿತ್ತು. ಅಂಗಳದಲ್ಲಿ ಹರವಿದ ತಂಬಾಕಿನ ಘಾಟಿಗೆ ಇಡೀ ಮನೆ ಸೀನುತ್ತಿತ್ತು. ಶಾಲೆಯಲ್ಲಿ ಮಾಸ್ತರರು ನಮ್ಮ ಪಾಟಿಚೀಲ ಮೂಸಿ, "ನಿಪ್ಪಾಣಿ ತಂಬಾಕ ಪ್ಯಾಟಿ ಬಂತಲೇ" ಎಂದು ಚೇಷ್ಟೆ ಮಾಡುತ್ತಿದ್ದರು.

ಮನೆಯಲ್ಲಿ ಹಗಲೆಲ್ಲ ಒಬ್ಬಳೇ ಇರುತ್ತಿದ್ದವಳು ಆಯಿ, ಅಪ್ಪನ ತಾಯಿ. ನಾವು ಜೈನರು. ಗಂಡ ತೀರಿಕೊಂಡ ವರ್ಷ ಆಯಿ ಬಸ್ತಿಗೆ ಬಂದಿದ್ದ ಮುನಿಗಳ ಮುಂದೆ ನೇಮ ತೆಗೆದುಕೊಂಡಿದ್ದಳಂತೆ: ಹೊತ್ತು ಮುಳುಗಿದ ಮೇಲೆ ಅನ್ನವಿಲ್ಲ, ನೀರೂ ಇಲ್ಲ. ನಮ್ಮ ಕಡೆ ಸೂರ್ಯನಿಗೂ ಹೊತ್ತು ಎಂದೇ ಹೆಸರು. ಅವ್ವ ಅಪ್ಪ ಈ ನೇಮವನ್ನು ಮಳೆಗಾಲದ ನಾಲ್ಕು ತಿಂಗಳು ಮಾತ್ರ ಹಿಡಿಯುತ್ತಿದ್ದರು, ಹೊಲದ ಕೆಲಸದಲ್ಲಿ ವರ್ಷವಿಡೀ ಸಾಗುತ್ತಿರಲಿಲ್ಲ. ಆಯಿ ಮಾತ್ರ ಒಂದು ದಿನವೂ ತಪ್ಪಿದವಳಲ್ಲ. ಅಪ್ಪ ಹುಟ್ಟುವ ಮೊದಲಿನಿಂದ ಮನೆಯಲ್ಲಿದ್ದ ಬೀಸುವ ಕಲ್ಲಿನ ಹಾಗೆ ಆ ನೇಮವೂ ಮನೆಯ ಒಂದು ಸಾಮಾನಾಗಿತ್ತು. ಆಮೇಲೆ ಕಣ್ಣಿಗೆ ಮೋತಿಬಿಂದು ಬಂತು. ಎರಡೂ ಕಣ್ಣಿನ ಮೇಲೆ ಹಾಲಿನ ಕೆನೆಯಂಥ ಪೊರೆ. ಮಿರಜಿಗೆ ಕರೆದುಕೊಂಡು ಹೋಗಿ ಆಪರೇಷನ್ ಮಾಡಿಸುತ್ತೇನೆಂದು ಅಪ್ಪ ಎಷ್ಟು ಸಲ ಹೇಳಿದರೂ ಆಯಿ ಒಪ್ಪಲಿಲ್ಲ. "ಅಲ್ಲಿ ರಾತ್ರಿ ಗುಳಿಗಿ ನುಂಗಸ್ತಾರ, ನೀರ ಕುಡಸ್ತಾರ. ನನ್ನ ನೇಮಾ ಮುರಿದು ಬಂದ ಕಣ್ಣ ತಗೊಂಡ ಏನ ಮಾಡ್ಲಿ?" ಎನ್ನುತ್ತಿದ್ದಳು. ಅವಳ ಹಟದ ಮುಂದೆ ಅಪ್ಪನ ಆಟ ನಡೆಯುತ್ತಿರಲಿಲ್ಲ.

ಕಣ್ಣು ಹೋದ ಮೇಲೆ ಇನ್ನೊಂದು ತೊಡಕು ಬಂತು. ನೋಡದೆ ಉಣ್ಣಬಾರದು ಎನ್ನುತ್ತಿದ್ದಳು ಆಯಿ. ತಾಟಿನಲ್ಲಿ ಇರುವೆಯೋ ಹುಳ ಹುಪ್ಪಡಿಯೋ ಇದ್ದರೆ ಅದರ ಜೀವ ಹೋದೀತು. ಹೀಗಾಗಿ ರೊಟ್ಟಿ ಬುಟ್ಟಿ ಕೈಗೆಟಕುವಷ್ಟು ದೂರದಲ್ಲಿದ್ದರೂ ಕಣ್ಣಿದ್ದವರು ಯಾರಾದರೂ ಬಂದು, ತಾಟು ನೋಡಿ, ಹೊತ್ತು ನೋಡಿ, "ಉಣ್ಣು" ಎನ್ನುವವರೆಗೆ ಅವಳು ಕೂತೇ ಇರುತ್ತಿದ್ದಳು. ಚಳಿಗಾಲ ಬಂತೆಂದರೆ ತಂಬಾಕಿನ ಸುಗ್ಗಿ. ಮಧ್ಯಾಹ್ನ ಅವ್ವ ಒಮ್ಮೆ ಬಂದು ಆಯಿಗೆ ಉಣಿಸಿ ಹೋಗುತ್ತಿದ್ದಳು; ಸಂಜೆ ಅವ್ವ ಅಪ್ಪ ಹೊಲದಿಂದ ಬರುವಾಗ ಕತ್ತಲಾಗಿರುತ್ತಿತ್ತು. ಆದ್ದರಿಂದ ಆಯಿಯ ಸಂಜೆಯ ಊಟ ನನ್ನ ಪಾಲಿನ ಕೆಲಸ. ಐದಕ್ಕೆ ಶಾಲೆ ಬಿಟ್ಟರೆ ಓಡುತ್ತ ಬರಬೇಕು. ಹೊಸಿಲು ದಾಟುವ ಮೊದಲೇ ಆಯಿಯ ಮಾತು ಬರುತ್ತಿತ್ತು, "ಹೊತ್ತ ಐತೇನ, ಕುಸೀ?" ನನ್ನ ಹೆಸರು ಕುಸುಮ. "ಐತಿ ಆಯಿ" ಎಂದು ಹೇಳಿ ತಾಟಿಗೆ ರೊಟ್ಟಿ, ಹೆಸರುಕಾಳಿನ ಪಲ್ಯ, ಶೇಂಗಾ ಹಿಂಡಿ ಹಾಕಿ ಕೊಡುತ್ತಿದ್ದೆ. ಉಂಡಾದ ಮೇಲೆ ಅವಳು ನನ್ನ ಬೆನ್ನು ಸವರಿ, "ನೀನ ನನ್ನ ಕಣ್ಣವ್ವಾ" ಎನ್ನುತ್ತಿದ್ದಳು. ನನಗೆ ಅದರಿಂದ ಎಷ್ಟು ಜಂಬ ಬರುತ್ತಿತ್ತೆಂದರೆ, ಬಾಳ್ಯಾನಿಗೆ ತಾಟು ಮುಟ್ಟಲೂ ಬಿಡುತ್ತಿರಲಿಲ್ಲ.

ಆ ವರ್ಷದ ಚಳಿ ಕೆಟ್ಟದಾಗಿತ್ತು. ಆಯಿಗೆ ಎದೆಯಲ್ಲಿ ಕಫ ಕಟ್ಟಿ, ಕೆಮ್ಮು ಹತ್ತಿ, ದಿನವೂ ಸಂಜೆ ಹೊತ್ತಿಗೆ ಮೈ ಸುಡುತ್ತಿತ್ತು. ಒಂದು ದಿನ ಶಾಲೆಯಲ್ಲಿ ಆಟವಾಡುತ್ತ ನಾನು ತಡಮಾಡಿ ಬಂದಿದ್ದೆ. ಹೊತ್ತು ಮುಳುಗಿತ್ತು. ಆಯಿ ಉಪವಾಸ ಮಲಗಿದಳು. "ಇರ್ಲಿ ಬಿಡ, ಒಂದ ಹೊತ್ತ ಉಣ್ಣದಿದ್ರ ಯಾರೂ ಸಾಯೂದಿಲ್ಲ" ಎಂದಳು ಅವಳು. ಅವ್ವ ಬಿಡಲಿಲ್ಲ. ಉರುವಲಿನ ರಾಶಿಯಿಂದ ಒಂದು ಕಟ್ಟಿಗೆ ಎಳೆದು ನನ್ನ ಕಾಲಿಗೆ ಬಾಸುಂಡೆ ಬರುವ ಹಾಗೆ ಹೊಡೆದಳು. "ಇನ್ನೊಮ್ಮಿ ಮುದಿಕಿ ಉಪಾಸ ಬಿದ್ರ ನಿನ್ನ ಸಾಲಿ ಬಿಡಸ್ತೀನಿ, ತಂಬಾಕ ಹೊಲಕ್ಕ ಬಾ" ಎಂದಳು. ಅವ್ವ ಒಂದು ಮಾತು ಆಡಿದರೆ ಮಾಡುವವಳೇ. ಅವಳನ್ನು ತಪ್ಪು ಅನ್ನಲಾರೆ. ನಸುಕಿನಿಂದ ಬಗ್ಗಿ ಎಲೆ ಮುರಿದು ಬಂದ ಹೆಂಗಸಿಗೆ ಅತ್ತೆ ಹಸಿದು ಮಲಗಿರುವುದನ್ನು ಕಂಡರೆ ಜೀವ ಕುದಿಯದೇ ಇರುತ್ತದೆಯೇ?

ಅದಾಗಿ ಎಂಟು ದಿನಕ್ಕೆ ಮತ್ತೆ ತಪ್ಪಿದೆ. ಅಂದು ಮುಂಜಾನೆ ಅವ್ವ ಬಾಗಿಲವರೆಗೆ ಬಂದು ಹೇಳಿದ್ದಳು, "ಲಗೂ ಬಾರ ಕುಸೀ. ಆಯಿಗೆ ಮಧ್ಯಾಹ್ನ ಉಂಡದ್ದ ಹೊಟ್ಟ್ಯಾಗ ನಿಲ್ಲವಲ್ದು. ಸಂಜಿಕ ಎರಡ ತುತ್ತರ ಹೋಗ್ಲಿ, ಮ್ಯಾಲ ಔಷಧಾ ಹಾಕ." ನಾನು ಲಗುಬಗೆಯಿಂದಲೇ ಹೊರಟಿದ್ದೆ, ಸುಳ್ಳಲ್ಲ. ಆದರೆ ಹಾದಿಯಲ್ಲಿ ಕಬ್ಬಿನ ಟ್ರ್ಯಾಕ್ಟರ್ ಬಂತು. ನಮ್ಮ ಕಡೆಯ ಮಕ್ಕಳು ಕಬ್ಬಿನ ಟ್ರ್ಯಾಲಿ ಕಂಡ ಮೇಲೆ ಸುಮ್ಮನೆ ಹೋಗುವುದುಂಟೇ? ಹಿಂದಿನಿಂದ ಓಡಿ, ಎರಡು ಕೈಯಿಂದ ಜಗ್ಗಿ, ಮೂರು ಗಳ ಕಿತ್ತೆ. ಬಾಳ್ಯಾ ಕುಣಿದಾಡಿದ. ಹಳ್ಳದ ದಂಡೆಯಲ್ಲಿ ಕೂತು ಹಲ್ಲಿನಿಂದ ಸಿಪ್ಪೆ ಸುಲಿದು ತಿನ್ನತೊಡಗಿದೆವು. ಒಂದು ಗಳ ತಿಂದು ಏಳೋಣ ಅಂದುಕೊಂಡವಳು ಮೂರೂ ಮುಗಿಸಿದೆ. ತಲೆ ಎತ್ತಿ ನೋಡಿದರೆ ಹೊತ್ತು ಆಗಲೇ ಕಬ್ಬಿನ ಗರಿಗಳ ಹಿಂದೆ ಇಳಿದಿತ್ತು. ಬಾಳ್ಯಾನ ರಟ್ಟೆ ಹಿಡಿದು ಎಳೆದುಕೊಂಡು ಓಡಿದೆ. ನಾವು ಅಂಗಳಕ್ಕೆ ಕಾಲಿಡುವಾಗ ಹೊತ್ತು ಪೂರ್ತಿ ಮುಳುಗಿ, ಪಡುವಣದಲ್ಲಿ ಬರೀ ಕೆಂಪು ಉಳಿದಿತ್ತು.

ಉಳಿದ ದಿನಗಳಲ್ಲಿ ಆಯಿ ಪಡುವಣದ ಗೋಡೆಗೆ ಒರಗಿ ಕೂತಿರುತ್ತಿದ್ದಳು. ಬಿಸಿಲು ಮೈಮೇಲಿಂದ ಸರಿದರೆ ಅವಳಿಗೇ ಗೊತ್ತಾಗುತ್ತಿತ್ತು. ಅಂದು ಜ್ವರದಲ್ಲಿ ಒಳಗೆ ಕೌದಿ ಹೊದ್ದು ಮಲಗಿದ್ದಳು. ನನ್ನ ಹೆಜ್ಜೆ ಕೇಳಿ ಕಷ್ಟಪಟ್ಟು ಎದ್ದು ಕೂತು ಕೇಳಿದಳು, "ಹೊತ್ತ ಐತೇನ, ಕುಸೀ?"

"ಐತಿ ಆಯಿ. ಇನ್ನೂ ಮಾರುದ್ದ ಐತಿ" ಎಂದೆ.

ಬಾಯಿ ತಾನೇ ಹೇಳಿತು ಎಂದು ಈಗ ಜಾರಿಕೊಳ್ಳಬಹುದು. ಹಾಗೇನಿಲ್ಲ, ನಾನು ವಿಚಾರ ಮಾಡಿಯೇ ಹೇಳಿದೆ. ಆಯಿ ಹಸಿದಿರುತ್ತಾಳೆ ಎಂಬ ಸಂಕಟ ಇತ್ತು, ನಿಜ. ಆದರೆ ಅದಕ್ಕಿಂತ ದೊಡ್ಡದು ಅವ್ವನ ಕಟ್ಟಿಗೆಯ ಭಯ. ಮುಂದೆ ನೆಂಟರೆಲ್ಲ, "ಪಾಪ, ಆಯಿ ಮ್ಯಾಲಿನ ಮಾಯಾಕ ಹೇಳಿತ್ತ ಹುಡುಗಿ" ಎಂದು ನನ್ನ ಕೆನ್ನೆ ಸವರಿದರು. ನಾನು ಹೌದು ಅನ್ನಲಿಲ್ಲ, ಅಲ್ಲ ಅಂತಲೂ ಅನ್ನಲಿಲ್ಲ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುವ ಹಾಗೆ ಆ ಹೊಗಳಿಕೆ ಕುಡಿದೆ.

ತಾಟು ತಂದೆ. ರೊಟ್ಟಿಯನ್ನು ಹಾಲಿನಲ್ಲಿ ಮುರಿದು ಹಾಕಿ ಮೆತ್ತಗೆ ಮಾಡಿಕೊಟ್ಟೆ. ಆಯಿ ಕಣ್ಣು ಮುಚ್ಚಿ ಣಮೋಕಾರ ಮಂತ್ರ ಹೇಳಿಕೊಂಡು ಒಂದು ತುತ್ತು ಉಂಡಳು. ಎರಡು ಉಂಡಳು. ಬಹಳ ದಿನಗಳ ಮೇಲೆ ರುಚಿ ಹತ್ತಿದೆ ಎಂದಳು. ಮೂರನೆಯದು ಬಾಯಲ್ಲಿದ್ದಾಗ ಅಂಗಳದಲ್ಲಿ ನಿಂತಿದ್ದ ಬಾಳ್ಯಾ ಚಪ್ಪಾಳೆ ತಟ್ಟಿ ಕೂಗಿದ, "ಅಕ್ಕಾ, ಬಾ ನೋಡ! ಚಿಕ್ಕಿ ಬಂದಾವು! ಒಂದ, ಎರಡ!" ಚುಕ್ಕಿ ಎಣಿಸುವುದನ್ನು ಅವನಿಗೆ ನಾನೇ ಕಲಿಸಿದ್ದೆ.

ಆಯಿಯ ದವಡೆ ನಿಂತಿತು. ಬಾಯಲ್ಲಿದ್ದ ತುತ್ತನ್ನು ಮೆಲ್ಲಗೆ ಅಂಗೈಗೆ ತೆಗೆದು ತಾಟಿನ ಅಂಚಿಗೆ ಇಟ್ಟಳು. ನಾನು ಗಡಬಡಿಸಿ ನೀರಿನ ತಂಬಿಗೆ ಮುಂದೆ ಹಿಡಿದೆ. ಅವಳು ಅದನ್ನು ಆಚೆ ಸರಿಸಿದಳು. ಹೊತ್ತು ಮುಳುಗಿದ ಮೇಲೆ ನೀರೂ ಇಲ್ಲವಲ್ಲ! ಸೆರಗಿನ ಚುಂಗಿನಿಂದ ನಾಲಿಗೆಯನ್ನು, ವಸಡನ್ನು ತಿಕ್ಕಿ ತಿಕ್ಕಿ ಒರೆಸಿಕೊಂಡಳು. ಬೈದಿದ್ದರೆ ನಾನು ಅತ್ತು ಮುಗಿಸುತ್ತಿದ್ದೆ. ಬೈಯಲಿಲ್ಲ. "ನನ್ನ ಕಣ್ಣಂತ ನಂಬಿದ್ನಲ್ಲಾ ನಿನ್ನ" ಎಂದಷ್ಟೇ ಹೇಳಿ, ಗೋಡೆಯ ಕಡೆ ಮಗ್ಗುಲಾದಳು. ಅವ್ವ ಬಂದಾಗ ತಾಟು ಹಾಗೆಯೇ ಇತ್ತು. ನಾನು ಕಾಲು ಮುಂದೆ ಮಾಡಿ ನಿಂತೆ. ಅವ್ವ ನನ್ನನ್ನು ನೋಡಿದಳು, ತಾಟನ್ನು ನೋಡಿದಳು, ಕಟ್ಟಿಗೆ ಹುಡುಕಲಿಲ್ಲ. ಹೊಡೆದಿದ್ದರೆ ಚೆನ್ನಾಗಿತ್ತು.

ಮರುದಿನ ಬೆಳಿಗ್ಗೆ ಆಯಿ ಮೂರು ದಿನ ಉಪವಾಸ ಎಂದಳು. ದಿನಕ್ಕೊಮ್ಮೆ, ಮಧ್ಯಾಹ್ನ, ಕಾಸಿದ ನೀರು ಮಾತ್ರ. ಅಪ್ಪ ಬಸ್ತಿಯಲ್ಲಿ ಪೂಜೆ ಮಾಡುವ ಉಪಾಧ್ಯೆಯವರನ್ನೇ ಕರೆತಂದ. ಅವರು, "ಅರಿಯದ ಆದ ತಪ್ಪರಿ ಇದು. ಮೈಯಾಗ ಜ್ವರಾ ಐತಿ. ಜಪಾ ಮಾಡ್ರಿ, ಸಾಕು" ಎಂದರು. ನಿಪ್ಪಾಣಿಯಿಂದ ಬಂದ ಡಾಕ್ಟರರು ಹೊಟ್ಟೆಗೆ ಏನಾದರೂ ಹೋಗಲೇಬೇಕು ಎಂದರು. ಅಪ್ಪ ಕಡೆಗೆ ಅವಳ ಕಾಲು ಹಿಡಿದ. "ಯಾಕವ್ವಾ ಮೂರ ದಿನಾ? ಅಂಥಾದ್ದ ಏನ ಮಾಡೀದಿ ನೀ?"

ಆಯಿ ಕೆಮ್ಮು ತಡೆದುಕೊಂಡು ಹೇಳಿದಳು, "ಒಂದ ದಿನಾ ನನ್ನ ಬಾಯಿಂದು. ಎರಡ ದಿನಾ ಹುಡುಗಿ ಬಾಯಿಂದು. ಸಣ್ಣದ ಐತಿ, ಅದಕ್ಕ ಉಪಾಸ ಮಾಡಾಕ ಆಗೂದಿಲ್ಲ. ಅದರ ಸುಳ್ಳ ನಾ ತೀರಸ್ತೀನಿ."

ಬಾಗಿಲ ಸಂದಿಯಲ್ಲಿ ನಿಂತು ಇದನ್ನು ನಾನು ಕೇಳಿದೆ. ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಮಾಡಿದವಳು ನಾನು, ಉಣ್ಣದೆ ಮಲಗಿದವಳು ಆಯಿ. ಆ ಮೂರು ದಿನ ಅವ್ವ ಹೊಲಕ್ಕೆ ಹೋಗಲಿಲ್ಲ. ನಾನು ಶಾಲೆಯಿಂದ ಎದೆ ಒಡೆಯುವ ಹಾಗೆ ಓಡಿಬರುತ್ತಿದ್ದೆ. ಬಂದರೆ ಮಾಡಲು ಕೆಲಸವೇ ಇರುತ್ತಿರಲಿಲ್ಲ. ಹೊತ್ತು ಮುಳುಗುವವರೆಗೆ ಪಡುವಣದ ಗೋಡೆಯ ಬುಡದಲ್ಲಿ ಕೂತು ಅದನ್ನೇ ನೋಡುತ್ತಿದ್ದೆ. ಕೇಳುವವರಿರಲಿಲ್ಲ. ಒಳಗೆ ಆಯಿಯ ಉಸಿರು ಗೊರಗೊರ ಅನ್ನುತ್ತಿತ್ತು.

ನಾಲ್ಕನೆಯ ದಿನ ಪಾರಣೆ, ಅಂದರೆ ಉಪವಾಸ ಬಿಡುವ ದಿನ. ಅವ್ವ ನಸುಕಿನಲ್ಲೇ ಎದ್ದು ಹೆಸರುಬೇಳೆಯ ತಿಳಿನೀರು ಕಾಸಿಟ್ಟಿದ್ದಳು. ಹೊತ್ತು ಮೂಡದೆ ಅದನ್ನು ಕೊಡುವಂತಿರಲಿಲ್ಲ. ನಾನು ಸ್ನಾನ ಮಾಡಿ, ಅಂಗಳದಲ್ಲಿ ನಡುಗುತ್ತ ನಿಂತು ಕಾದೆ. ಮಂಜು ದಟ್ಟವಾಗಿತ್ತು. ಕೊನೆಗೆ ಹೊತ್ತು ತಂಬಾಕಿನ ಹೊಲದ ಮೇಲೆ ಎದ್ದಿತು, ಮಂಜು ಕರಗಿತು, ಬಿಸಿಲು ಹೊಸಿಲು ದಾಟಿ ಆಯಿಯ ಕೌದಿಯ ಅಂಚಿನವರೆಗೆ ಬಂತು. ಅಪ್ಪ ಅವಳನ್ನು ಎತ್ತಿ ಎದೆಗೆ ಒರಗಿಸಿಕೊಂಡು ಕೂತಿದ್ದ. ಅವ್ವ ಬಟ್ಟಲು ಹಿಡಿದಿದ್ದಳು.

"ಹೊತ್ತ ಮೂಡೇತೇನ?" ಆಯಿ ಕೇಳಿದಳು.

"ಮೂಡೇತಿ ಆಯಿ" ಎಂದು ನಾನು ಎಲ್ಲರಿಗಿಂತ ಮೊದಲು ಹೇಳಿದೆ.

ಅವಳು ನನ್ನ ದನಿ ಬಂದ ಕಡೆ ಮುಖ ತಿರುಗಿಸಿದಳು. ಕೈಯಾಡಿಸಿ ನನ್ನ ತಲೆ ಹುಡುಕಿ ಅದರ ಮೇಲೆ ಅಂಗೈ ಇಟ್ಟಳು. ಸಿಟ್ಟು ಇರಲಿಲ್ಲ ಆ ಕೈಯಲ್ಲಿ. ಹಾಗೆ ಕೈ ಇಟ್ಟುಕೊಂಡೇ, "ಬಾಳ್ಯಾ ಎಲ್ಲೆದಾನ? ಅವನ್ನ ಕರೀರಿ" ಎಂದಳು. ನಿದ್ದೆಗಣ್ಣಿನ ಬಾಳ್ಯಾನನ್ನು ಅವ್ವ ಅಂಗಳಕ್ಕೆ ಕಳಿಸಿದಳು. ಅವನು ಹೋಗಿ ನೋಡಿ ಬಂದು ಹೇಳಿದ. ಆಮೇಲೆ ಆಯಿ ಬಾಯಿ ತೆರೆದಳು.

ಎರಡು ಚಮಚ ಹೋಯಿತು, ಮೂರನೆಯದು ಹೊರಗೆ ಬಂತು. ಮರುದಿನ ಮಧ್ಯಾಹ್ನ ಆಯಿ ತೀರಿಕೊಂಡಳು. ಮುದುಕಿ, ಎದೆ ಕಟ್ಟಿತ್ತು, ಚಳಿಗಾಲ ಬೇರೆ ಎಂದು ಬಂದವರೆಲ್ಲ ಮಾತಾಡಿಕೊಂಡರು. ಇದ್ದರೂ ಇರಬಹುದು. ಅವ್ವ ನನ್ನನ್ನು ಶಾಲೆ ಬಿಡಿಸಲಿಲ್ಲ, ಆ ವಿಷಯ ಎತ್ತಲೂ ಇಲ್ಲ. ಅವಳೂ ಅಪ್ಪನೂ ಹೋಗಿ ಈಗ ಎಷ್ಟೋ ವರ್ಷ. ಆ ಮಣ್ಣಿನ ಮನೆ ಕೆಡವಿ ಬಾಳ್ಯಾ ಸ್ಲ್ಯಾಬಿನ ಮನೆ ಕಟ್ಟಿಸಿದ್ದಾನೆ. ಆಯಿ ಒರಗುತ್ತಿದ್ದ ಗೋಡೆ ಇದ್ದ ಜಾಗದಲ್ಲಿ ಅವನ ಗಾಡಿ ನಿಲ್ಲುತ್ತದೆ. ತಂಬಾಕು ಹಾಕುವುದನ್ನೂ ಬಿಟ್ಟಿದ್ದಾನೆ.

ಹೋದ ಚಳಿಗಾಲದಲ್ಲಿ ಅಲ್ಲಿಗೆ ಹೋದಾಗ, ಅವನ ಅಂಗಳದಲ್ಲಿ ಬಿಸಿಲಿಗೆ ಕೂತು, ತಡೆಯಲಾರದೆ ಅವನನ್ನು ಕೇಳಿದೆ: ಆಯಿಯ ಪಾರಣೆಯ ಬೆಳಿಗ್ಗೆ ನೆನಪಿದೆಯೇ ಎಂದು.  ಅವನ ತಲೆಯಲ್ಲೂ ನರೆ ಕಂಡಿದೆ.

"ಇಲ್ಲಕ್ಕಾ, ಏನೂ ನೆನಪಿಲ್ಲ ನೋಡ. ಆಯಿ ಮಾರಿನೂ ನೆನಪಿಲ್ಲ. ನಾ ಏನ ಹೇಳಿದ್ನಿ ಆವಾಗ?"

"ಹೊತ್ತ ಮೂಡೇತಿ ಅಂದಿದ್ದಿ" ಎಂದೆ.

ನಾನೂ ಅದನ್ನೇ ಹೇಳಿದ್ದೆ.