ತಬಕಿನಲ್ಲಿ ಬಂದ ಬಾಟಲಿ

ಸೊಲ್ಲಾಪುರದ ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದ ಮೊದಲ ಪ್ರಶ್ನೆಗೇ ನಾವು ಸುಳ್ಳು ಹೇಳಿದೆವು. “ಕುಡೀತೀರೇನ್ರಿ? ಬೀಡಿ, ಸಿಗರೇಟು?” ಎಂದು ಅವರು ನನ್ನ ಗಂಡನನ್ನು ಕೇಳಿದರು. ಉತ್ತರ ಕೊಟ್ಟದ್ದು ಪಕ್ಕದಲ್ಲಿ ಕೂತಿದ್ದ ಅತ್ತೆ.

“ನನ್ನ ಮಗಾ ಅಂಥಾವಲ್ಲರಿ. ಲಿಂಗಪೂಜಿ ಆಗೂತನಕ ನೀರು ಸುದ್ದಾ ಮುಟ್ಟಂಗಿಲ್ಲ.”

ಇವರು ತಲೆ ತಗ್ಗಿಸಿದರು. ಹೆತ್ತ ತಾಯಿಯ ಎದುರು ಸಿಗರೇಟಿನ ಮಾತೆತ್ತುವ ಗಂಡಸು ನಮ್ಮ ಸಿಂದಗಿಯಲ್ಲಿ ಇನ್ನೂ ಹುಟ್ಟಿಲ್ಲ. ಗಂಟಲೊಳಗೆ ಗಂಟು ಬೆಳೆದು ಅನ್ನ ಇಳಿಯದೆ ಹೋದರೂ ಇವರು ಆ ಮರ್ಯಾದೆ ಬಿಡಲಿಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು.

ಮಾರ್ಕೆಟ್ಟಿನಲ್ಲಿ ಇವರದು ತೊಗರಿ, ಜೋಳದ ದಲಾಲಿ ಮಾಡುವ ಅಡತಿ ಅಂಗಡಿ. ಬೆಳಿಗ್ಗೆ ಹಣೆ ತುಂಬ ವಿಭೂತಿ ಹಚ್ಚಿಕೊಂಡು ಹೋಗುವವರು, ಸಂಜೆ ಆಲಮೇಲ ರಸ್ತೆಯ ಧಾಬಾದಲ್ಲಿ ಕೂತೆದ್ದು ಏಲಕ್ಕಿ ಅಗಿಯುತ್ತ ಮನೆಗೆ ಬರುತ್ತಿದ್ದರು. ಸಿಗರೇಟಿಗಂತೂ ಹೊತ್ತು ಗೊತ್ತು ಇರಲಿಲ್ಲ. ಇದು ಮಾರ್ಕೆಟ್ಟಿಗೆಲ್ಲ ಗೊತ್ತು, ಅತ್ತೆಗೂ ಗೊತ್ತು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುವುದು ಎಲ್ಲ ಕಡೆಯೂ ಇದ್ದದ್ದೇ. ನಮ್ಮ ಮನೆಯಲ್ಲಿ ಬೆಕ್ಕಿನ ಜೊತೆ ಮಂದಿಯೂ ಕಣ್ಣು ಮುಚ್ಚಿಕೊಂಡಿದ್ದರು. ನಾನೊಬ್ಬಳು ಜಗಳ ಮಾಡುತ್ತಿದ್ದೆ, ಸಿಟ್ಟಿನಲ್ಲಿ ತವರೂರು ತಾಂಬಾಕ್ಕೆ ಹೋಗಿ ಕೂರುತ್ತಿದ್ದೆ. ಕರೆಯಲು ಬಂದಾಗಲೂ ಇವರ ಬಾಯಲ್ಲಿ ಏಲಕ್ಕಿ ಇರುತ್ತಿತ್ತು.

ಅತ್ತೆಯನ್ನು ಚಹಾ ಕುಡಿಯಲು ಹೊರಗೆ ಕಳಿಸಿ ನಾನೇ ಡಾಕ್ಟರಿಗೆ ನಿಜ ಹೇಳಿದೆ. ಅಕ್ಕಲಕೋಟೆ ಕಡೆಯವರಾದ್ದರಿಂದ ಅವರಿಗೆ ಕನ್ನಡ ಚೆನ್ನಾಗಿ ಬರುತ್ತಿತ್ತು. ಬೈಯಲಿಲ್ಲ, ಬರೆದುಕೊಂಡರು. ಆಗ ಇವರು ಒಡಕು ದನಿಯಲ್ಲಿ ಒಂದೇ ಮಾತು ಕೇಳಿದರು. ಬದುಕುತ್ತೇನೋ ಇಲ್ಲವೋ ಎಂದಲ್ಲ.

“ನಮ್ಮಪ್ಪನೂ ಹಿಂಗ ಗಂಟಲ ಬ್ಯಾನಿಲೇ ಹ್ವಾದನ್ರಿ. ಇದು ನಮ್ಮ ರಕ್ತದಾಗ ಐತೇನ್ರಿ? ನನ್ನ ಮಗಳಿಗೆ ಬರತೈತೇನ್ರಿ?”

“ನಿಮ್ಮಪ್ಪ ಸೇದತಿದ್ರೇನ್ರಿ?”

“ಅವನ ಬೀಡಿ ಒಲ್ಯಾಗ ಹಚ್ಚಿ ತಂದು ಕೊಡಾಂವ ನಾನ ಇದ್ದೆನ್ರಿ.”

ಡಾಕ್ಟರು ಪೆನ್ನು ಕೆಳಗಿಟ್ಟು, ಸಾಲಿ ಮಕ್ಕಳಿಗೆ ಹೇಳುವಂತೆ ಹೇಳಿದರು. ಮೈಯ ಒಂದೊಂದು ಕೋಶದಲ್ಲೂ ಹೇಗೆ ಬೆಳೆಯಬೇಕು, ಎಲ್ಲಿ ನಿಲ್ಲಬೇಕು ಎಂಬ ಬರಹ ಇರುತ್ತದಂತೆ. ಅದೇ ಜೀನು. ಹೊಗೆಯ ವಿಷ ಆ ಅಕ್ಷರಗಳನ್ನು ಕೆಡಿಸುತ್ತದೆ, ಮೈ ಅದನ್ನು ತಿದ್ದಿಕೊಳ್ಳುತ್ತಲೂ ಇರುತ್ತದೆ. ಕುಡಿದದ್ದು ಒಳಗೆ ಇನ್ನೊಂದು ವಿಷವಾಗಿ ತಾನೂ ಕೆಡಿಸುತ್ತದೆ, ತಿದ್ದುವ ಕೆಲಸಕ್ಕೂ ಅಡ್ಡ ಬರುತ್ತದೆ, ಹೊಗೆಯ ವಿಷ ಇಳಿಯಲು ದಾರಿಯನ್ನೂ ಮಾಡಿಕೊಡುತ್ತದೆ. ಎರಡೂ ಒಂದೇ ಗಂಟಲಲ್ಲಿ ಕೂಡಿದರೆ ಕೇಡು ಎರಡರ ಮೊತ್ತಕ್ಕಿಂತ ದೊಡ್ಡದು. ವರ್ಷಗಟ್ಟಲೆ ತಪ್ಪಿನ ಮೇಲೆ ತಪ್ಪು ಸೇರಿ, ಯಾವುದೋ ಒಂದು ಕೋಶ ನಿಲ್ಲುವುದನ್ನೇ ಮರೆತುಬಿಡುತ್ತದೆ. ಕೆಲವು ಕ್ಯಾನ್ಸರು ವಂಶದಲ್ಲಿ ಬರುವುದೂ ಉಂಟು, ಆದರೆ ಇಷ್ಟು ಸೇದಿ ಇಷ್ಟು ಕುಡಿದವರು ಕಾರಣ ಹುಡುಕುತ್ತ ವಂಶದ ಕಡೆ ಹೋಗಬೇಕಿಲ್ಲ ಎಂದರು.

“ಹೊಲದಾಗ ನಿಂತ ಜ್ವಾಳಕ್ಕ ಆಣಿಕಲ್ಲು ಬಿದ್ದರ, ಮನ್ಯಾಗ ಕಟ್ಟಿಟ್ಟ ಬೀಜ ಕೆಡತೈತೇನ್ರಿ? ಇದು ನಿಮ್ಮ ಗಂಟಲದಾಗ ಆದ ಕೇಡು. ಮಗಳಿಗೆ ಕೊಟ್ಟ ಬೀಜದಾಗ ಇಲ್ಲ.”

ಇವರು ಕೈ ಮುಗಿದರು. ಹೊರಗೆ ಬಂದ ಮೇಲೆ ಬಸ್‌ಸ್ಟ್ಯಾಂಡಿನವರೆಗೂ ನನ್ನ ಕೈ ಬಿಡಲಿಲ್ಲ. ಮದುವೆಯಾದಾಗಿನಿಂದ ಬೀದಿಯಲ್ಲಿ ನನ್ನ ಕೈ ಹಿಡಿದದ್ದು ಅದೇ ಮೊದಲು.

ಆಪರೇಶನ್ ಆಗಿ ದನಿ ಪೆಟ್ಟಿಗೆಯನ್ನೇ ತೆಗೆದರು. ಕುತ್ತಿಗೆಯಲ್ಲೊಂದು ತೂತು ಉಳಿಯಿತು, ಉಸಿರೆಲ್ಲ ಅಲ್ಲಿಂದಲೇ. ಇವರು ಅದಕ್ಕೆ ಬಿಳಿ ಅರಿವೆ ಕಟ್ಟಿಕೊಂಡು, ಮಗಳು ಕೊಟ್ಟ ಪಾಟಿಯ ಮೇಲೆ ಬಳಪದಿಂದ ಬರೆದು ಮಾತಾಡತೊಡಗಿದರು. ಕೆಲವೇ ತಿಂಗಳಲ್ಲಿ ಗಂಟು ಮತ್ತೆ ಬಂತು. ಈ ಸಲ ಡಾಕ್ಟರು ಜೋಳದ ಮಾತು ಆಡಲಿಲ್ಲ. ಮನೆಗೆ ಕರಕೊಂಡು ಹೋಗಿ, ಬೇಕೆಂದದ್ದು ಕೊಡಿ ಎಂದರು. ನೀರೇ ಇಳಿಯದವರಿಗೆ ಏನು ಬೇಕೆಂದು ಕೇಳಲಿ? ಬಚ್ಚಲುಮನೆಯ ಬಾಗಿಲು ಹಾಕಿಕೊಂಡು, ಬಾಯಿಗೆ ಸೆರಗು ತುರುಕಿಕೊಂಡು ಅಳುವುದನ್ನು ನಾನು ಆಗ ಕಲಿತೆ.

ಅದೇ ಹೊತ್ತಿಗೆ ಮುದ್ದೇಬಿಹಾಳದಿಂದ ಮಗಳಿಗೆ ಸಂಬಂಧ ಬಂತು. ಬಿ.ಎಡ್. ಮುಗಿಸಿ ಸಾಲಿಯಲ್ಲಿ ಕಲಿಸುತ್ತಿದ್ದ ಹುಡುಗಿ. ಹುಡುಗನ ಫೋಟೊ ನೋಡಿ ಅವಳು ಮೆಚ್ಚಿದ್ದಳು. ಸಂಬಂಧ ಗಟ್ಟಿಯಾಗಿ ಅವಳ ಹೆಸರಲ್ಲಿ ಸಕ್ಕರೆ ಹಂಚುವುದನ್ನು ಕಣ್ಣಿಂದ ನೋಡಿ ಹೋಗಬೇಕೆಂಬುದೊಂದೇ ಇವರಿಗೆ ಉಳಿದ ಆಸೆ.

ಗಂಡಿನ ಕಡೆಯವರು ರಿವಾಜಿನಂತೆ ಮೊದಲು ನಮ್ಮ ಮಾರ್ಕೆಟ್ಟಿಗೆ ಹೋಗಿ ವಿಚಾರಿಸಿದರು. ಕನ್ಯೆಯ ಮನೆಯ ಬಗ್ಗೆ ಕೇಳಿದರೆ ವೈರಿಯೂ ಕೆಟ್ಟದ್ದು ಹೇಳಬಾರದು ಎಂಬುದು ನಮ್ಮ ಕಡೆಯ ನಡೆ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅನ್ನುತ್ತಾರಲ್ಲ, ಹಾಗೆ. ಅಡತಿಯವರು, ಹಮಾಲರು, ಧಾಬಾದಲ್ಲಿ ಇವರ ಮಗ್ಗುಲಲ್ಲೇ ಕೂತು ಕುಡಿದವರು, ಎಲ್ಲರೂ ಒಂದೇ ಮಾತು ಹೇಳಿ ಕಳಿಸಿದರು. “ದೇವರಂಥಾ ಮನಷ್ಯಾರಿ. ಒಂದ ಚಟ ಇಲ್ಲ.” ಪುಣ್ಯದ ಕೆಲಸ ಮಾಡಿದೆವೆಂದೇ ಅವರು ತಿಳಿದರು. ಹೆಣ್ಣಿನ ಕುತ್ತಿಗೆಗೆ ಕಲ್ಲು ಕಟ್ಟುತ್ತಿದ್ದೇವೆ ಎಂದು ಒಬ್ಬನಿಗೂ ಹೊಳೆಯಲಿಲ್ಲ.

ಕನ್ಯೆ ನೋಡಲು ಬಂದ ದಿನ ಪಡಸಾಲೆಯಲ್ಲಿ ಜಮಖಾನೆ ಹಾಸಿದ್ದೆವು. ಇವರು ಗೋಡೆಗೆ ಒರಗಿ ಕೂತಿದ್ದರು. ಅವಲಕ್ಕಿ, ಚಹಾ ಮುಗಿದ ಮೇಲೆ ಹುಡುಗನ ಅಪ್ಪ ಮೆಲ್ಲಗೆ ಕೇಳಿದರು. “ಬೀಗರಿಗೆ ಈ ಬ್ಯಾನಿ ಹ್ಯಾಂಗ ಬಂತ್ರಿ? ಚಟ ಇಲ್ಲ ಅಂತ ಕೇಳೇವಿ.”

ಅತ್ತೆ ಸೆರಗು ಸರಿಮಾಡಿಕೊಂಡರು. “ಚಟ ಎಲ್ಲೀದರಿ. ಇವನ ಅಪ್ಪಗೂ ಇದ ಆಗಿತ್ತು. ಅವರೂ ಏನೂ ಮುಟ್ಟಿದವರಲ್ಲ. ಮನಿತನದಾಗ ಬಂದದ್ದು, ಯಾರೇನು ಮಾಡೂದು?”

ಹುಡುಗನ ತಾಯಿ ನನ್ನ ಮಗಳನ್ನು ನೋಡಿದ ನೋಟ ನಾನು ಸಾಯುವವರೆಗೂ ಮರೆಯುವುದಿಲ್ಲ. ಕುತ್ತಿಗೆಯನ್ನು ನೋಡಿದಳು, ಆಮೇಲೆ ಹೊಟ್ಟೆಯನ್ನು ನೋಡಿದಳು. ಹುಟ್ಟದ ಮೊಮ್ಮಕ್ಕಳ ಗಂಟಲಲ್ಲಿ ಗಂಟು ಹುಡುಕುತ್ತಿದ್ದಳು.

ಇವರು ಗೋಡೆ ಹಿಡಿದು ಎದ್ದರು. ಒಳಕೋಣೆಗೆ ಹೋದರು. ಡಬ್ಬಿಗಳ ಸಪ್ಪಳ ಕೇಳಿತು. ಹೊರಗೆ ಬಂದಾಗ ಕೈಯಲ್ಲಿ ಎಲೆಯಡಿಕೆ ಕೊಡುವ ಹಿತ್ತಾಳೆ ತಬಕು ಇತ್ತು. ಅದರ ಮೇಲೆ ತೊಗರಿ ಚೀಲದ ಹಿಂದೆ ಎಂದೋ ಬಚ್ಚಿಟ್ಟು ಮರೆತ ಅರ್ಧ ಬಾಟಲಿ, ಒಂದು ಸಿಗರೇಟು ಪಾಕೀಟು, ಕಡ್ಡಿಪೆಟ್ಟಿಗೆ. ಬೀಗರಿಗೆ ಎಲೆಯಡಿಕೆ ಇಡುವಂತೆಯೇ ಬಗ್ಗಿ ಅದನ್ನು ಹುಡುಗನ ಅಪ್ಪನ ಮುಂದೆ ಇಟ್ಟರು. ಬಾಟಲಿ ತೋರಿಸಿ ತಮ್ಮ ಎದೆ ಮುಟ್ಟಿಕೊಂಡರು. ಪಾಕೀಟು ತೋರಿಸಿ ಕುತ್ತಿಗೆಯ ಅರಿವೆ ಸರಿಸಿ ತೂತು ತೋರಿಸಿದರು. ಆಮೇಲೆ ಮಗಳ ಕಡೆ ಬೆರಳು ಮಾಡಿ, ಇಲ್ಲ ಇಲ್ಲ ಎಂದು ಕೈಯಾಡಿಸಿದರು. ಆಡಿಸುತ್ತಲೇ ಇದ್ದರು.

ನನಗೆ ಆಗ ಬಾಯಿ ಬಂತು. “ಹೌದ್ರಿ, ಕುಡೀತಿದ್ರು, ಸೇದತಿದ್ರು. ಮಾವನೂ ಸೇದತಿದ್ರು. ರಕ್ತದ್ದಲ್ಲರಿ ಇದು” ಎಂದು ಆಣೆಕಲ್ಲಿನ ಮಾತನ್ನೂ ಬೀಜದ ಮಾತನ್ನೂ ತೊದಲುತ್ತ ಹೇಳಿದೆ. ಹುಡುಗನ ಅಪ್ಪನ ಕೈ ತಾನಾಗಿ ತನ್ನ ಅಂಗಿಯ ಕಿಸೆಯ ಮೇಲೆ ಹೋಯಿತು. ಅಲ್ಲಿ ಅಂಥದೇ ಪಾಕೀಟಿನ ಅಂಚು ಕಾಣುತ್ತಿತ್ತು. ಅತ್ತೆ ಗೋಡೆಯ ಕಡೆ ಮುಖ ಮಾಡಿ ಕೂತುಬಿಟ್ಟರು. ಇಪ್ಪತ್ತೈದು ವರ್ಷ ಸೊಸೆಯಾಗಿದ್ದೂ ಆ ಬೆನ್ನು ಅಷ್ಟು ಸಣ್ಣದೆಂದು ನನಗೆ ಗೊತ್ತಿರಲಿಲ್ಲ.

ವಾರದ ಮೇಲೆ ಗಂಡಿನ ಕಡೆಯವರ ಫೋನು ಬಂತು. ಇವರಿಗೂ ಕೇಳಲೆಂದು ಸ್ಪೀಕರ್ ಹಾಕಿದೆ, ಆದರೆ ಹಾಸಿಗೆಯವರೆಗೆ ದನಿ ಮುಟ್ಟಲಿಲ್ಲ. ಮಾತು ಮುಗಿದ ಕೂಡಲೇ ಇವರು ಪಾಟಿಯ ಮೇಲೆ ಬರೆದರು. “ರಕ್ತದಾಗ ಐತಿ ಅಂತ ಅಂದರೇನು?”

“ಇಲ್ಲರಿ. ಹುಡುಗಿ ಬಗ್ಗೆ ಏನೂ ಇಲ್ಲಂತ. ಕುಡುಕರ ಮನಿ ಸಂಬಂಧ ಬ್ಯಾಡ ಅಂದರು.”

ಇವರ ಭುಜ ಕುಲುಕಿದವು. ಕುತ್ತಿಗೆಯ ತೂತಿನಿಂದ ಗಾಳಿ ಬುಸ್ಸೆಂದು ಬಂತು. ಅಳುತ್ತಿದ್ದಾರೆಂದು ಓಡಿ ಹೋದರೆ ನಗುತ್ತಿದ್ದರು. “ಅಷ್ಟ ಸಾಕು” ಎಂದು ಬರೆದರು. ಮಗಳು ಕದದ ಹಿಂದೆ ನಿಂತು ಮುಖ ಮುಚ್ಚಿಕೊಂಡಿದ್ದಳು. ನನಗೆ ಆ ಪಾಟಿಯನ್ನು ಎತ್ತಿ ಗೋಡೆಗೆ ಬಡಿದು ಚೂರು ಮಾಡಬೇಕೆನಿಸಿತು. ಹೆಸರು ಕೆಟ್ಟದ್ದಕ್ಕೆ ನಗುವ ಗಂಡನನ್ನು ಏನೆಂದು ಸಮಾಧಾನ ಮಾಡಲಿ? ಸಕ್ಕರೆ ಹಂಚುವುದನ್ನು ನೋಡದೆಯೇ ಇವರು ಹೋದರು.

ನಮ್ಮಲ್ಲಿ ಹೆಣವನ್ನು ವಿಭೂತಿ ಹಚ್ಚಿ ಕೂರಿಸುತ್ತಾರೆ. ಹೆಂಗಸರು ಮುಂದೆ ಕೂತು ಸತ್ತವರ ಗುಣ ಎತ್ತಿ ಆಡಿ ಅಳಬೇಕು. ಮಾರ್ಕೆಟ್ಟು ಬಂದ್ ಮಾಡಿ ಇಡೀ ಸಿಂದಗಿ ಅಂಗಳಕ್ಕೆ ಬಂದಿತ್ತು. ಇಂಡಿಯಿಂದ, ಬಸವನ ಬಾಗೇವಾಡಿಯಿಂದ ಬಳಗ ಬಂದಿತ್ತು. ಆ ಬಳಗದಲ್ಲಿ ಲಗ್ನಕ್ಕೆ ಬಂದ ಹುಡುಗರಿದ್ದ ಮನೆಗಳೂ ಇದ್ದವು. ಯಾರೋ ಹಿರಿಯರು “ದೇವರಂಥಾ ಮನಷ್ಯಾ” ಎಂದರು. ಅತ್ತೆ ತಲೆ ಎತ್ತಿದರು. ಮಗನ ತಣ್ಣಗಿನ ಗಲ್ಲ ಎರಡೂ ಕೈಯಲ್ಲಿ ಹಿಡಿದು, ಅಂಗಳದ ಕೊನೆಗೂ ಕೇಳುವಂತೆ ರಾಗ ತೆಗೆದರು.

“ಶೆರೇ ಕುಡೀತಿದ್ದೆಲ್ಲೋ ನನ್ನಪ್ಪಾ... ಸಿಗರೇಟು ಸೇದತಿದ್ದೆಲ್ಲೋ ನನ್ನಪ್ಪಾ... ನಿಮ್ಮಪ್ಪನೂ ಸೇದತಿದ್ದನಲ್ಲೋ, ನಿನ್ನ ಕೈಯಾಗ ನಾನ ಒಲಿ ಬೆಂಕಿ ಕೊಡತಿದ್ದೆನಲ್ಲೋ...”

ಇಂಥ ಹಾಡಿಗೆ ದನಿ ಕೂಡಿಸುವುದು ಹೇಗೆಂದು ಅಳುತ್ತಿದ್ದ ಹೆಂಗಸರಲ್ಲಿ ಯಾರಿಗೂ ತಿಳಿಯಲಿಲ್ಲ. ನಾನು ಸರಿದು ಆ ಮುದುಕಿಯ ಮಗ್ಗುಲಿಗೆ ಕೂತು, ಹೆಗಲ ಮೇಲೆ ಕೈಹಾಕಿ, ಅದೇ ರಾಗದಲ್ಲಿ “ಕುಡೀತಿದ್ರಲ್ಲೋ” ಎಂದೆ.